ಬಡವರು ಎಷ್ಟು ಜನ, ಅಕ್ಕಿ ಯಾರಿಗೆ: ಇವೆರಡೂ ಬೇರೆ ಬೇರೆ ಪ್ರಶ್ನೆ

ರೇಷನ್ ಕಾರ್ಡ್ ವಿಷಯ ಬಂದಾಗಲೆಲ್ಲ ಟಿವಿಯಲ್ಲಿ ಒಂದೇ ಮಾತು. ನೀತಿ ಆಯೋಗದ ಪ್ರಕಾರ ಕರ್ನಾಟಕದಲ್ಲಿ ಬಡವರು ನೂರಕ್ಕೆ ಎಂಟು ಜನವೂ ಇಲ್ಲವಂತೆ, ಹಾಗಿದ್ದ ಮೇಲೆ ಹಳ್ಳಿಗಳ ಮುಕ್ಕಾಲು ಪಾಲು ಜನರಿಗೆ ಬಿಪಿಎಲ್ ಕಾರ್ಡ್ ಹೇಗೆ ಬಂತು, ಎಲ್ಲಾ ಬೋಗಸ್, ಕಿತ್ತುಹಾಕಿ! ಕೇಳಿದ ತಕ್ಷಣ ಹೌದಲ್ವಾ ಅನಿಸುತ್ತದೆ. ಆದರೆ ಎರಡು ಬೇರೆ ಲೆಕ್ಕಗಳನ್ನು ತಂದು ಒಂದೇ ತಕ್ಕಡಿಗೆ ಹಾಕಿದ್ದಾರೆ.

ಮೊದಲನೆಯದು ಬಹು ಆಯಾಮದ ಬಡತನ ಸೂಚ್ಯಂಕ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಇಟ್ಟುಕೊಂಡು ಕರ್ನಾಟಕಕ್ಕೆ ಶೇ 7.58 ಅಂತ ಬಂದಿದೆ. ಪೌಷ್ಟಿಕತೆ, ಮಕ್ಕಳ ಶಾಲೆ, ಶೌಚಾಲಯ, ಕರೆಂಟು, ಅಡುಗೆ ಇಂಧನ, ಬ್ಯಾಂಕ್ ಖಾತೆ, ಹೀಗೆ ಒಟ್ಟು 12 ವಿಷಯ ನೋಡುತ್ತಾರೆ. ಒಳ್ಳೆಯ ಕೆಲಸವೇ, ಬರೀ ದುಡ್ಡು ನೋಡುವುದಕ್ಕಿಂತ ವಾಸಿ. ಆದರೆ ಆ ಪಟ್ಟಿಯಲ್ಲಿ ಮನೆಯ ಆದಾಯವೂ ಇಲ್ಲ, ಸಾಲವೂ ಇಲ್ಲ. ಖಾತೆ ಇದೆಯಾ ಅಂತ ಕೇಳುತ್ತಾರೆ, ಅದರಲ್ಲಿ ದುಡ್ಡಿದೆಯಾ ಅಂತ ಕೇಳುವುದಿಲ್ಲ. ಮೈಕ್ರೋಫೈನಾನ್ಸ್ ಕಂತಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರೂ ಈ ಲೆಕ್ಕದಲ್ಲಿ ಬಡವರಲ್ಲದೇ ಇರಬಹುದು.

ಎರಡನೆಯದು 2013ರ ಆಹಾರ ಭದ್ರತಾ ಕಾಯ್ದೆ. ಇಡೀ ದೇಶದ ಲೆಕ್ಕದಲ್ಲಿ ಹಳ್ಳಿಗಳಲ್ಲಿ ಶೇ 75ರವರೆಗೆ, ಪಟ್ಟಣಗಳಲ್ಲಿ ಶೇ 50ರವರೆಗೆ ಜನರಿಗೆ ಧಾನ್ಯ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನಮ್ಮ ರಾಜ್ಯಕ್ಕೆ ಅದು ಶೇ 76.04 ಮತ್ತು ಶೇ 49.36. ರಾಜ್ಯ ಇದಕ್ಕಿಂತ ಜಾಸ್ತಿ ಕಾರ್ಡ್ ಕೊಟ್ಟಿದೆ, ಆ ಜಗಳ ಬೇರೆ. ಆದರೆ ಮುಕ್ಕಾಲು ಪಾಲು ಜನ ಕಡುಬಡವರು ಅಂತ ಯಾರೂ ಹೇಳಿಲ್ಲ. ಬಡತನ ರೇಖೆ ನಂಬಿಕೊಂಡು ಅಕ್ಕಿ ಹಂಚಿದರೆ ತುಂಬಾ ಜನ ಹೊರಗುಳಿಯುತ್ತಾರೆ ಅನ್ನುವ ವಾದ ಆಗ ಜೋರಾಗಿತ್ತು. ಯಾಕೆ ಜೋರಾಗಿರಲ್ಲ ಹೇಳಿ, 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ಕೊಟ್ಟ ಅಫಿಡವಿಟ್ಟಿನಲ್ಲಿ ಹಳ್ಳಿಯಲ್ಲಿ ದಿನಕ್ಕೆ 26 ರೂಪಾಯಿ, ಪಟ್ಟಣದಲ್ಲಿ 32 ರೂಪಾಯಿ ಖರ್ಚು ಮಾಡುವವನು ರೇಖೆಯ ಮೇಲಿದ್ದ! ದೇಶವೆಲ್ಲ ಉಗಿಯಿತು. 2014ರಲ್ಲಿ ರಂಗರಾಜನ್ ಸಮಿತಿ ಅದನ್ನು 32 ಮತ್ತು 47ಕ್ಕೆ ಏರಿಸಿ ವರದಿ ಕೊಟ್ಟಿತು, ಸರ್ಕಾರ ಅದನ್ನು ಒಪ್ಪಿ ಜಾರಿಗೆ ತರಲೇ ಇಲ್ಲ.

ಈಗ ನಮ್ಮ ರಾಜ್ಯದ ಗೆರೆ ನೋಡಿ. ಬಿಪಿಎಲ್‌ಗೆ ಇಡೀ ಕುಟುಂಬದ ವರ್ಷದ ಆದಾಯ 1.20 ಲಕ್ಷ ದಾಟಬಾರದು. ಹಲವು ವರ್ಷಗಳಿಂದ ಇದೇ ಇದೆ. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಈ ದರದಲ್ಲಿ ಗಂಡ ಹೆಂಡತಿ ಇಬ್ಬರೂ ವರ್ಷಕ್ಕೆ 163 ದಿನ ದುಡಿದರೆ ಮುಗಿಯಿತು, ಗೆರೆ ದಾಟಿದರು. ಅಂದರೆ ಅರ್ಧ ವರ್ಷ ಖಾಲಿ ಕೂತರೆ ಮಾತ್ರ ಬಡವರು. ಇನ್ನೊಂದು ಕಡೆ 2019ರಲ್ಲಿ ಬಂದ ಶೇ 10 ಮೀಸಲಾತಿಯಲ್ಲಿ 8 ಲಕ್ಷಕ್ಕಿಂತ ಕಡಿಮೆ ಇದ್ದವರು ಆರ್ಥಿಕವಾಗಿ ದುರ್ಬಲರು. ಎಂಥಾ ಲೆಕ್ಕಾನೋ!

ನಮ್ಮ ಬೀದಿಯಲ್ಲಿ ಹೂ ಮಾರುವ ಅಕ್ಕ ಒಬ್ಬರಿದ್ದಾರೆ. ಅವರ ಮಗನಿಗೆ ಸೆಕೆಂಡ್ ಹ್ಯಾಂಡ್ ಗೂಡ್ಸ್ ಆಟೋ ಬೇಕಿತ್ತು. ಐಟಿ ರಿಟರ್ನ್ಸ್ ಇದ್ದರೆ ಸಾಲ ಬೇಗ ಆಗುತ್ತದೆ ಅಂತ ಏಜೆಂಟ್ ಒಬ್ಬ ಆದಾಯ ಸ್ವಲ್ಪ ದಪ್ಪ ತೋರಿಸಿ ಫೈಲ್ ಮಾಡಿಸಿದ. ಕಟ್ಟಿದ ತೆರಿಗೆ ಸೊನ್ನೆ. ಮುಂದೊಂದು ತಿಂಗಳು ಅಕ್ಕ ಚೀಲ ಹಿಡಿದು ಸೊಸೈಟಿಗೆ ಹೋದರೆ, "ನಿಮ್ದು ಎಪಿಎಲ್ ಆಗಿದೆ ಅಮ್ಮಾ, ಅಕ್ಕಿ ಬರಲ್ಲ" ಅಂದರಂತೆ. "ನಾನು ಯಾವ ಟ್ಯಾಕ್ಸ್ ಕಟ್ಟಿದ್ದೀನಿ ಅಣ್ಣಾ?" ಅಂತ ಇವರು. ಅಂಗಡಿಯವನಾದರೂ ಏನು ಹೇಳಿಯಾನು? ನವೆಂಬರ್ 2024ರಲ್ಲಿ ಕಾರ್ಡ್ ರದ್ದಾದ ಗಲಾಟೆಯಲ್ಲೂ ಇಂಥ ಕತೆಗಳೇ ಕೇಳಿಬಂದಿದ್ದವು. ಆಮೇಲೆ ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು.

ಕಾರ್ಡ್ ಹೋದರೆ ಬರೀ ಅಕ್ಕಿ ಹೋಗುವುದಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ಅದೂ ಒಂದೂವರೆ ಲಕ್ಷದವರೆಗೆ. ಅನುಕೂಲಸ್ಥ ಒಬ್ಬ ಸುಮ್ನೆ ಕಾರ್ಡ್ ಇಟ್ಟುಕೊಂಡರೆ ತಿಂಗಳಿಗೆ ಕೆಲವು ಕೆಜಿ ಅಕ್ಕಿ ನಷ್ಟ, ಸರಿ. ಆ ಅಕ್ಕನ ಮನೆಯಲ್ಲಿ ಯಾರಿಗಾದರೂ ಹಾರ್ಟ್ ಆಪರೇಷನ್ ಅಂದರೆ? ಇವೆರಡನ್ನೂ ಒಂದೇ ತೂಕದ ತಪ್ಪು ಅನ್ನುವವರ ಜೊತೆ ನನಗೆ ವಾದ ಮಾಡಲು ಆಗುವುದಿಲ್ಲ.

ಬಡವರೆಷ್ಟು ಅಂತ ಎಣಿಸಬೇಕು, ಖಂಡಿತ ಎಣಿಸಲಿ, ಸಾಲವನ್ನೂ ಸೇರಿಸಿಯೇ ಎಣಿಸಲಿ. ಅದು ದೇಶ ಎಲ್ಲಿಗೆ ಬಂದಿದೆ ಅಂತ ತಿಳಿಯುವುದಕ್ಕೆ. ಆ ಅಂಕಿ ಹಿಡಿದುಕೊಂಡು ಮನೆಮನೆಯ ಕಾರ್ಡ್ ಕಡಿಯಲು ಹೊರಡಬೇಡಿ. ಹಂಚುವಾಗ ನಿಜವಾಗಿ ತೆರಿಗೆ ಕಟ್ಟುವವರು, ಸರ್ಕಾರಿ ಸಂಬಳದವರು, ಸ್ವಂತಕ್ಕೆ ಕಾರು ಇಟ್ಟವರು, ಇಷ್ಟು ಜನರನ್ನು ಹೊರಗಿಟ್ಟರೆ ಸಾಕು. ರಿಟರ್ನ್ಸ್ ಫೈಲ್ ಮಾಡಿದವನು ಬೇರೆ, ತೆರಿಗೆ ಕಟ್ಟಿದವನು ಬೇರೆ, ಇದನ್ನು ಕಂಪ್ಯೂಟರ್‌ಗೆ ಹೇಳಿಕೊಡುವುದು ಅಂಥ ಕಷ್ಟವೇನಲ್ಲ. ಮತ್ತೆ ಆ 1.20 ಲಕ್ಷವನ್ನು ಮೊದಲು ತಿದ್ದಲಿ. ಸರ್ಕಾರವೇ ಕೂಲಿ ದರ ಏರಿಸಿದಾಗೆಲ್ಲ ಇದೂ ಅಷ್ಟೇ ಏರುವ ಹಾಗೆ ಗಂಟು ಹಾಕಿಬಿಟ್ಟರೆ, ಕೂಲಿ ಜಾಸ್ತಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಯಾರೂ ಕಾರ್ಡ್ ಕಳೆದುಕೊಳ್ಳಬೇಕಿಲ್ಲ.