ಹತ್ತಡಿ ಆರಡಿ

ಶೇಕಡಾ 91ಕ್ಕೆ ಬಂದಿತ್ತು, ಕರೆಂಟು ಹೋಯಿತು. ಆಗುಂಬೆ ಕಡೆ ಮೋಡ ಕಪ್ಪಾದರೆ ಸಾಕು, ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಫ್ಯಾನು ನಿಲ್ಲುತ್ತದೆ. ಯುಪಿಎಸ್ ಇದೆ, ಕೀಂ ಕೀಂ ಅಂತ ಅಳುವುದಕ್ಕೆ. ಬೆಳಿಗ್ಗೆಯಿಂದ ಕಂಪ್ಯೂಟರು ಲೆಕ್ಕ ಹಾಕಿ ಹಾಕಿ ಬಿಡಿಸುತ್ತಿದ್ದ ಫ್ರ್ಯಾಕ್ಟಲ್, ಅಂದರೆ ಒಳಗೆ ಹೋದಷ್ಟೂ ಅದೇ ಥರದ ಆಕಾರ ಮತ್ತೆ ಮತ್ತೆ ಸಿಗುವ ಗಣಿತದ ಚಿತ್ರ, ನೀರಲ್ಲಿ ಹೋಮ.

ದಿನಕ್ಕೊಂದು ಚಿತ್ರ ಅಂತ ಶುರು ಮಾಡಿ ಮೂರು ವರ್ಷವಾಯಿತು. ಮ್ಯಾಂಡೆಲ್‌ಬ್ರಾಟ್ ಗಣ ಅನ್ನುವ ಫ್ರ್ಯಾಕ್ಟಲಿನಲ್ಲಿ ಹೃದಯದಾಕಾರಕ್ಕೂ ಪಕ್ಕದ ಉರುಟಿಗೂ ನಡುವೆ ಒಂದು ಸಂದಿಯಿದೆ, ಅಲ್ಲಿ ಕಡಲಕುದುರೆಗಳ ಸಾಲು. ಒಂದರ ಬಾಲ ಹಿಡಿದು ಒಳಗೆ ಹೋದರೆ ಬಾಲಕ್ಕೆ ಬಾಲ, ಅದಕ್ಕೂ ಬಾಲ. ಇದಕ್ಕೆ ಎಲ್ಲರೂ ಜರಿಗಿಡದ ಹೋಲಿಕೆ ಕೊಡುತ್ತಾರೆ. ನಮ್ಮ ಧರೆಯ ಮೇಲಿನ ಜರಿಗಿಡವನ್ನು ನಾನೂ ಕೂತು ನೋಡಿದ್ದೇನೆ, ಮೂರು ಮಡಿಕೆಗೇ ಅದಕ್ಕೆ ಸುಸ್ತು.

ಚಿತ್ರ ತೋರಿಸಿದರೆ ಈಗ ಒಂದೇ ಪ್ರಶ್ನೆ: "ಎಐ ಮಾಡಿದ್ದಾ?" ಅಲ್ಲ ಸ್ವಾಮಿ. ಫ್ರ್ಯಾಕ್ಟಲ್ ಅನ್ನುವ ಹೆಸರನ್ನು ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಇಟ್ಟದ್ದೇ 1975ರಲ್ಲಿ. ಮಹಾಯುದ್ಧದಲ್ಲಿ ಮೂಗು ಕಳೆದುಕೊಂಡು ಬಂದ ಗ್ಯಾಸ್ಟನ್ ಜೂಲಿಯಾ 1918ರಲ್ಲೇ ಇದರ ಗಣಿತವನ್ನು ಕಾಗದದ ಮೇಲೆ ಬರೆದಿಟ್ಟಿದ್ದ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಫೋನು ನೋಡುತ್ತಿರುತ್ತಾರೆ. ಕೇಳುವುದಾದರೂ ಯಾಕೆ?

ಒಂದನ್ನು ಗೋಡೆಗೆ ಹಾಕೋಣ ಅಂತ ಶಿವಮೊಗ್ಗಕ್ಕೆ ಹೋದೆ. ದುರ್ಗಿಗುಡಿಯ ಹತ್ತಿರ ಒಂದು ಫ್ಲೆಕ್ಸ್ ಅಂಗಡಿ. ಹುಡುಗ ಪೆನ್‌ಡ್ರೈವ್ ಹಾಕಿ, ತಲೆ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿಸಿ ನೋಡಿದ.

"ಫೋಟೋ ಯಾರದ್ದು ಹಾಕ್ಲಿ ಸಾರ್?"

"ಯಾರದ್ದೂ ಬೇಡಪ್ಪ. ಇದೇ ಫೋಟೋ."

"ಹೆಸರು?"

"ಬೇಡ."

"ದೊಡ್ಡದು ಮಾಡಿದ್ರೆ ಒಡೆಯುತ್ತೆ ಸಾರ್."

ನನಗೆ ಎಲ್ಲಿತ್ತೋ ಸಿಟ್ಟು. ಇದು ಸಾಮಾನ್ಯ ಲೆಕ್ಕದಲ್ಲಿ ಒಡೆಯಬೇಕಾದರೆ ಹತ್ತು ಲಕ್ಷ ಕೋಟಿ ಪಟ್ಟಿನ ಆಸುಪಾಸಿಗೆ ಹಿಗ್ಗಿಸಬೇಕು, ಅದಕ್ಕೂ ಮುಂದೆ ಹೋಗುವ ತಂತ್ರಗಳಿವೆ ಅಂತ ನಿಂತಲ್ಲೇ ಪಾಠ ಮಾಡಿದೆ. ಹುಡುಗ ಪೂರ್ತಿ ಕೇಳಿ, "ಅದೆಲ್ಲಾ ಸರಿ ಸಾರ್, ನೀವು ತಂದಿರೋ ಫೈಲು 200 ಕೆಬಿ ಇದೆ" ಅಂದ. ವಾಟ್ಸಾಪಿಗೆ ಅಂತ ಕುಗ್ಗಿಸಿದ್ದನ್ನೇ ತಂದಿದ್ದೆ. ಪಕ್ಕದಲ್ಲಿ ಗೃಹಪ್ರವೇಶದ ಬ್ಯಾನರಿಗೆ ಬಂದು ನಿಂತಿದ್ದವರು ನಗಲಿಲ್ಲ, ಆ ಉಪಕಾರ ಮರೆಯಲಾರೆ.

ಮಾರನೇ ವಾರ ದೊಡ್ಡ ಫೈಲು ಹಿಡಿದು ಮತ್ತೆ ಅರವತ್ತು ಕಿಲೋಮೀಟರ್. ಎರಡಡಿ ಮೂರಡಿ ಅಂದದ್ದು ಹತ್ತಡಿ ಆರಡಿಯಾಗಿ ಬಂತು. ಖಾಲಿ ಖಾಲಿ ಕಾಣುತ್ತದೆ ಅಂತ ನಾಲ್ಕು ಮೂಲೆಗೂ ಕೆಂಪು ಗುಲಾಬಿ ಹಾಕಿದ್ದ. ಅನಂತದ ಮೂಲೆಯಲ್ಲಿ ಗುಲಾಬಿ! ದುಡ್ಡು ಕೊಟ್ಟು, ಸುರುಳಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಅಡ್ಡ ಇಟ್ಟುಕೊಂಡು ಬಂದೆ. ಮಂಡಗದ್ದೆಯವರೆಗೂ ಕಂಡಕ್ಟರು ಅದಕ್ಕೆ ಲಗೇಜು ಕೇಳುತ್ತಲೇ ಇದ್ದ.

ಅಷ್ಟಗಲದ ಗೋಡೆ ನಮ್ಮಲ್ಲಿಲ್ಲ. ಡಿಸೆಂಬರಿನಲ್ಲಿ ಅಕಾಲ ಮಳೆ ಬಂದ ದಿನ ಚಿಕ್ಕಪ್ಪ ಅದನ್ನು ಎಳೆದುಕೊಂಡು ಹೋಗಿ ಅಂಗಳದ ಅಡಿಕೆ ಮೇಲೆ ಹಾಸಿದರು. ಬೆಳಿಗ್ಗೆ ನೋಡಿದರೆ ಕಡಲಕುದುರೆಗಳ ಮೇಲೆ ನೀರು ನಿಂತಿದೆ, ನೀರಿನ ಮೇಲೆ ಒಂದು ಕಪ್ಪೆ. ಕೆಳಗೆ ಅಡಿಕೆ ಗರಿಗರಿ.

"ಎಂತದೋ ಮಾಡ್ತಾ ಕೂರ್ತೀಯ ಅಂದ್ಕೊಂಡಿದ್ದೆ ಮಾರಾಯ, ಒಳ್ಳೆ ದಪ್ಪ ಇದೆ. ಇನ್ನೊಂದು ಮಾಡಿಸು, ಹದಿನೈದಡಿದು. ಕಪ್ಪು ಜಾಸ್ತಿ ಇರಲಿ, ಬಿಸಿಲು ಎಳೀತದೆ."

ಕಪ್ಪು ಜಾಸ್ತಿ ಅಂದರೆ ಎಷ್ಟು ಕಷ್ಟ ಅಂತ ಚಿಕ್ಕಪ್ಪನಿಗೆ ಹೇಗೆ ಹೇಳುವುದು? ಪ್ರತಿ ಬಿಂದುವಿಗೂ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕಬೇಕು. ಬಣ್ಣದ ಕಡೆಯ ಬಿಂದುಗಳು ಸಂಖ್ಯೆ ಬೆಳೆದು ಬೇಗ ಓಡಿಹೋಗುತ್ತವೆ, ಕಂಪ್ಯೂಟರು ಅವುಗಳ ಕೈಬಿಡುತ್ತದೆ. ಕಪ್ಪಿನವು ಓಡುವುದೇ ಇಲ್ಲ, ಕಟ್ಟಕಡೆಯವರೆಗೂ ಲೆಕ್ಕ ಮಾಡಿಸಿಕೊಳ್ಳುತ್ತವೆ.

ಇವತ್ತು 91ಕ್ಕೆ ಹೋದದ್ದು ಅದೇ. ಕರೆಂಟು ಬಂದಿದೆ. ಮತ್ತೆ ಸೊನ್ನೆಯಿಂದ ಹಚ್ಚಿದ್ದೇನೆ, ಈಗ 3. ಹೊರಗೆ ಗುಡುಗುತ್ತಿದೆ.