ಓಡಿಸುವುದಕ್ಕೆ ಮುಂಚೆ ನಿಲ್ಲಿಸುವುದು

ಮಗುವಿಗೆ ಬೈಕ್ ಕಲಿಸುವುದೆಂದರೆ ಹಿಂದಿನಿಂದ ಸೀಟು ಹಿಡಿದುಕೊಂಡು ಓಡುವುದು ಎಂಬ ನಂಬಿಕೆಯನ್ನು ನಮ್ಮವರು ಅಮೆರಿಕಕ್ಕೆ ಬಂದರೂ ಬಿಟ್ಟುಕೊಡುವುದಿಲ್ಲ. ಆರೇಳು ವರ್ಷದ ಮಕ್ಕಳು ಡರ್ಟ್ ಬೈಕ್, ಅಂದರೆ ಮಣ್ಣಿನ ಹಾದಿಗೆಂದೇ ಮಾಡಿದ ಚಿಕ್ಕ ಮೋಟಾರ್ ಬೈಕ್, ಕಲಿಯುವ ಮಣ್ಣಿನ ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ ಯಾವ ಅಪ್ಪ ಎಲ್ಲಿಯವನು ಎಂದು ಬಹುಮಟ್ಟಿಗೆ ಊಹಿಸಬಹುದು. ಏದುಸಿರು ಬಿಡುತ್ತ ಗಾಡಿಯ ಪಕ್ಕದಲ್ಲೇ ಓಡುತ್ತಿರುವವನು ನಮ್ಮ ಕಡೆಯವನು. ಅಷ್ಟು ದೂರದಲ್ಲಿ ಕೈಕಟ್ಟಿ ನಿಂತು, ಆಗೊಮ್ಮೆ ಈಗೊಮ್ಮೆ ಒಂದು ಮಾತು ಕೂಗುವವನು ಇಲ್ಲಿಯವನು. ಆ ಕೈಕಟ್ಟಿದ ಅಪ್ಪ ನಮ್ಮ ಕಣ್ಣಿಗೆ ಕಲ್ಲೆದೆಯವನಂತೆ ಕಾಣುತ್ತಾನೆ. ಆದರೆ ಎಂಜಿನ್ ಇರುವ ಗಾಡಿಯ ಮಟ್ಟಿಗೆ ಅವನು ಮಾಡುವುದೇ ಸರಿ ಎಂಬುದು ನನ್ನ ವಾದ.

ಸೈಕಲ್ಲಿನಲ್ಲಿ ಗಾಡಿ ಓಡುವುದು ಮಗುವಿನ ಕಾಲಿನ ಬಲದಿಂದ. ಹೆದರಿದ ಮಗು ತುಳಿಯುವುದನ್ನು ನಿಲ್ಲಿಸುತ್ತದೆ, ಗಾಡಿ ತಾನಾಗಿ ನಿಧಾನವಾಗುತ್ತದೆ. ಡರ್ಟ್ ಬೈಕಿನಲ್ಲಿ ಆಗುವುದು ತದ್ವಿರುದ್ಧ. ಆಕ್ಸಿಲರೇಟರ್ ಇರುವುದು ಬಲಗೈಯ ಹಿಡಿಕೆಯಲ್ಲಿ. ಅದನ್ನು ನಮ್ಮ ಕಡೆಗೆ ತಿರುಚಿದರೆ ವೇಗ ಏರುತ್ತದೆ. ಗಾಡಿ ಥಟ್ಟನೆ ಮುಂದಕ್ಕೆ ಜಿಗಿದಾಗ ಮಗುವಿನ ಮೈ ಹಿಂದಕ್ಕೆ ವಾಲುತ್ತದೆ. ಬೀಳಬಾರದೆಂದು ಅದು ಹಿಡಿಕೆಯನ್ನು ಇನ್ನೂ ಬಿಗಿಯಾಗಿ ಹಿಡಿದು ಜಗ್ಗುತ್ತದೆ, ಮಣಿಕಟ್ಟು ಕೆಳಗಿಳಿಯುತ್ತದೆ, ಆಕ್ಸಿಲರೇಟರ್ ಮತ್ತಷ್ಟು ತೆರೆದುಕೊಳ್ಳುತ್ತದೆ. ಹೆದರಿದಷ್ಟೂ ವೇಗ, ವೇಗ ಹೆಚ್ಚಿದಷ್ಟೂ ಹೆದರಿಕೆ. ಆ ಗಳಿಗೆಯಲ್ಲಿ ಸೀಟು ಹಿಡಿದ ಅಪ್ಪ ಮಾಡುವುದೇನು? ಮಗುವಿನ ಭುಜವನ್ನೋ ಅಂಗಿಯನ್ನೋ ಹಿಡಿದು ಹಿಂದಕ್ಕೆ ಎಳೆಯುತ್ತಾನೆ. ಆ ಎಳೆತವೂ ಮಣಿಕಟ್ಟಿನ ಮೂಲಕ ಆಕ್ಸಿಲರೇಟರಿಗೇ ಸೇರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗಾಡಿ ನಿಲ್ಲಿಸುವ ಜವಾಬ್ದಾರಿ ಅಪ್ಪನದು ಎಂದು ಮಗು ತೀರ್ಮಾನಿಸಿಬಿಡುತ್ತದೆ, ಬ್ರೇಕ್ ಎಂಬುದು ಅದರ ಮಟ್ಟಿಗೆ ಇರುವುದೇ ಇಲ್ಲ.

ಇಲ್ಲಿ ಚೆನ್ನಾಗಿ ಕಲಿಸುವವರು ಮೊದಲ ಪಾಠದಲ್ಲಿ ಎಂಜಿನ್ನನ್ನೇ ಹಚ್ಚುವುದಿಲ್ಲ. ಗಾಡಿಯನ್ನು ಮಗುವೇ ತಳ್ಳಿಕೊಂಡು ಹೋಗಬೇಕು, ಮಲಗಿಸಿ ಎತ್ತಬೇಕು, ಕೂತು ಎರಡೂ ಕಾಲಿನಿಂದ ನೆಲವನ್ನು ಒದ್ದು ಸಾಗಬೇಕು, ನೆಲದ ಮೇಲೆ ಎಳೆದ ಗೆರೆಯ ಹತ್ತಿರ ಬಂದಾಗ ಬ್ರೇಕ್ ಹಿಡಿದು ನಿಲ್ಲಬೇಕು. ಈ ಗೆರೆಯ ಆಟ ಮಕ್ಕಳಿಗೆ ಬೇಸರ ತರುವುದಿಲ್ಲ, ಬೇಸರವಾಗುವುದು ನಮಗೆ. ಎಂಜಿನ್ ಹಚ್ಚಿದ ಮೇಲೂ ಆಟ ಅದೇ: ಒಂದಿಷ್ಟು ಸಾಗು, ಆಕ್ಸಿಲರೇಟರ್ ಮುಚ್ಚು, ಬ್ರೇಕ್ ಹಿಡಿ, ಕಾಲು ನೆಲಕ್ಕಿಡು. ಗೆರೆಯ ಮೇಲೆ ನಿಲ್ಲುವುದು ಮಗುವಿನ ಕೈಗೆ ಅಭ್ಯಾಸವಾದ ಮೇಲೆಯೇ ತಿರುವು, ದಿಬ್ಬ, ಎದ್ದು ನಿಂತು ಓಡಿಸುವುದು. ನಮ್ಮ ಅವಸರದ ಅಪ್ಪಂದಿರಿಗೆ ಇದು ಕಾಲಹರಣ. ಮಗು ಎಷ್ಟು ದೂರ ಹೋಯಿತು ಎಂಬುದು ಅವರ ಲೆಕ್ಕ, ಎಲ್ಲಿ ನಿಂತಿತು ಎಂಬುದನ್ನು ಯಾರೂ ಕೇಳುವುದಿಲ್ಲ.

ಹಾಗೆಂದು ನಮ್ಮ ಕ್ರಮವೆಲ್ಲ ಹುಸಿ ಎಂದು ಒಪ್ಪುವವನು ನಾನಲ್ಲ. ನಮ್ಮಲ್ಲಿ ಮಕ್ಕಳಿಗೆ ಬೈಕಿನ ಪರಿಚಯವಾಗುವುದು ಪೆಟ್ರೋಲ್ ಟ್ಯಾಂಕಿನ ಮೇಲೆ, ಇಲ್ಲವೇ ಸ್ಕೂಟರಿನ ಮುಂಭಾಗದಲ್ಲಿ ನಿಂತು. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಸಮರ್ಥಿಸಲು ಆಗುವುದಿಲ್ಲ. 4 ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರ ವಾಹನದಲ್ಲಿ ಕರೆದೊಯ್ಯುವಾಗ ಹೆಲ್ಮೆಟ್ ಹಾಗೂ ಸುರಕ್ಷಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು ಭಾರತ ಸರ್ಕಾರ 2022ರಲ್ಲಿ ನಿಯಮ ಮಾಡಿದ್ದು ಸುಮ್ಮನೆ ಅಲ್ಲ. ಆದರೆ ಆ ಜಾಗದಲ್ಲಿ ಕೂತ ಮಗು ಅಪ್ಪನ ಕೈಯನ್ನು ಹತ್ತಿರದಿಂದ ನೋಡುತ್ತದೆ. ಎಮ್ಮೆ ಅಡ್ಡ ಬರುವ ಮೊದಲೇ ಬೆರಳುಗಳು ಬ್ರೇಕಿನ ಮೇಲೆ ಹೋಗುವುದು, ಮರಳು ಕಂಡಾಗ ವೇಗ ಇಳಿಯುವುದು, ಎಂಜಿನ್ನಿನ ದನಿ ಬದಲಾದರೆ ಗೇರ್ ಬದಲಾಗುವುದು, ಇವೆಲ್ಲ ಪಾಠವಿಲ್ಲದೆ ಒಳಗಿಳಿಯುತ್ತವೆ. ಇಲ್ಲಿನ ಮಗು ಕಾರಿನ ಹಿಂದಿನ ಸೀಟಿನಲ್ಲಿ ಬೆಳೆದದ್ದು. ಎಂಜಿನ್ನಿನ ದನಿ ಅದಕ್ಕೆ ಹೊಸದು.

ಇನ್ನೊಂದು ಮಾತು. ಹಿಡಿದು ಕಲಿಸುವುದೇ ನಮ್ಮ ಪರಂಪರೆ ಎನ್ನುವುದೂ ಅರ್ಧ ಸತ್ಯ. ನನ್ನ ತಲೆಮಾರಿನವರು ಸೈಕಲ್ ಕಲಿತದ್ದು ದೊಡ್ಡವರ ಸೈಕಲ್ಲಿನ ಅಡ್ಡಕಂಬಿಯ ಅಡಿಯಿಂದ ಕಾಲು ತೂರಿಸಿ ಅರ್ಧ ಪೆಡಲ್ ತುಳಿದು. ಆಗ ಯಾವ ಅಪ್ಪನೂ ಹಿಂದೆ ಓಡಿ ಬರುತ್ತಿರಲಿಲ್ಲ. ಅವನಿಗೆ ಗೊತ್ತಾಗುತ್ತಿದ್ದುದೇ ಮೊಣಕಾಲು ಕೆತ್ತಿದ ಮೇಲೆ. ಓಡುವ ಅಪ್ಪ ಇತ್ತೀಚಿನವನು, ಒಂದೋ ಎರಡೋ ಮಕ್ಕಳಿರುವ ಕಾಲದವನು. ಇಲ್ಲಿಗೆ ಬಂದ ಮೇಲೆ ಅವನ ಕಳವಳ ಇನ್ನೂ ಹೆಚ್ಚಾಗಿದೆ, ಅಷ್ಟೆ.

ಗಾಡಿ ಆರಿಸುವುದರಲ್ಲಿ ಮಾತ್ರ ಎರಡೂ ಕಡೆಯವರು ಒಂದೇ ತಪ್ಪು ಮಾಡುತ್ತಾರೆ. ಶಾಲೆಯ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸುವ ಹಾಗೆ, ಬೆಳೆಯುವ ಮಗುವಿಗೆ ದೊಡ್ಡ ಬೈಕೇ ಇರಲಿ ಎನ್ನುತ್ತಾರೆ. ಕಲಿಯುವ ಮಗುವಿಗೆ ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಊರಬೇಕು. ತುದಿಗಾಲಿನ ಮಗು ನಿಲ್ಲಿಸುವುದಕ್ಕೆ ಹೆದರುತ್ತದೆ, ನಿಲ್ಲಿಸಲು ಹೆದರುವ ಮಗು ಓಡಿಸುತ್ತಲೇ ಇರುತ್ತದೆ.

ತೀರಾ ಚಿಕ್ಕವರಿಗೆ ನನ್ನ ಮತ ಯಮಾಹಾದ ಪಿಡಬ್ಲ್ಯೂ50ಗೆ. 1980ರ ದಶಕದ ಆರಂಭದಿಂದ ಹೆಚ್ಚು ಬದಲಾಗದೆ ಉಳಿದಿರುವ ಗಾಡಿ ಅದು. ಗೇರ್ ಇಲ್ಲ, ಕ್ಲಚ್ ಇಲ್ಲ, ಬೆರಳು ಸಿಕ್ಕಿಕೊಳ್ಳಲು ಚೈನ್ ಕೂಡ ಇಲ್ಲ, ಹಿಂದಿನ ಚಕ್ರ ತಿರುಗುವುದು ಶಾಫ್ಟಿನಿಂದ, ಅಂದರೆ ತಿರುಗುವ ಸರಳಿನಿಂದ. ಎರಡೂ ಬ್ರೇಕುಗಳು ಸೈಕಲ್ಲಿನಂತೆ ಕೈಯಲ್ಲೇ ಇರುವುದರಿಂದ ಮಗು ಸೈಕಲ್ಲಿನಲ್ಲಿ ಕಲಿತದ್ದು ವ್ಯರ್ಥವಾಗುವುದಿಲ್ಲ. ಆಕ್ಸಿಲರೇಟರ್ ಎಷ್ಟು ತಿರುಗಬೇಕೆಂದು ಮಿತಿಗೊಳಿಸುವ ಒಂದು ಸ್ಕ್ರೂ ಅದರಲ್ಲಿದೆ. ಆರಂಭದಲ್ಲಿ ಅದನ್ನು ಬಿಗಿದಿಟ್ಟರೆ ಮಗು ಹಿಡಿಕೆಯನ್ನು ಪೂರ್ತಿ ತಿರುಚಿದರೂ ಗಾಡಿ ಹಾರುವುದಿಲ್ಲ. ಹೋಂಡಾದ ಸಿಆರ್‌ಎಫ್50ಎಫ್ ಗಟ್ಟಿಮುಟ್ಟು, ಅದರಲ್ಲೂ ಕ್ಲಚ್ ಲಿವರ್ ಇಲ್ಲ. ಆದರೆ ಎಡಗಾಲಿಗೆ ಮೂರು ಗೇರು, ಬಲಗಾಲಿಗೆ ಹಿಂದಿನ ಬ್ರೇಕು. ಸ್ವಲ್ಪ ದೊಡ್ಡವರಿಗೆ ಅದು ಸರಿ. ವಿದ್ಯುತ್ ಬೈಕುಗಳೂ ಈಗ ಧಾರಾಳವಾಗಿವೆ: ಸುಡುವ ಸೈಲೆನ್ಸರ್ ಇಲ್ಲ, ನೆರೆಯವರ ದೂರೂ ಇಲ್ಲ. ಸದ್ದಿಲ್ಲದಿರುವುದೇ ಅವುಗಳ ಗುಣ ಎನ್ನುತ್ತಾರೆ, ನನಗೆ ಅದೇ ಕೊರತೆ ಎನಿಸುತ್ತದೆ. ತಾನು ಎಷ್ಟು ತಿರುಚಿದೆ ಎಂದು ಮಗುವಿಗೆ ಹೇಳುವುದು ಎಂಜಿನ್ನಿನ ಕೂಗು. ಯಾವ ಗಾಡಿಯಾದರೂ ಮಗು ಬಿದ್ದಾಗ ಎಂಜಿನ್ ನಿಲ್ಲಿಸುವ, ಮಣಿಕಟ್ಟಿಗೆ ಕಟ್ಟುವ ದಾರವೊಂದು ಇರಲಿ.

ಸೈಲೆನ್ಸರ್ ಎಂದಾಗ ನೆನಪಾಯಿತು. ನಮ್ಮವರಲ್ಲಿ ಎಷ್ಟೋ ಜನರ ಮೀನಖಂಡದ ಮೇಲೆ ಬಾಲ್ಯದ ಸುಟ್ಟ ಕಲೆ ಈಗಲೂ ಇದೆ, ಅದನ್ನು ನಗುತ್ತಲೇ ತೋರಿಸುತ್ತೇವೆ. ಇಲ್ಲಿನವರು ಮಗುವನ್ನು ಬೈಕಿನ ಹತ್ತಿರ ಬಿಡುವುದೇ ಮೊಣಕಾಲಿನವರೆಗಿನ ಬೂಟು, ಉದ್ದ ಪ್ಯಾಂಟು, ಕೈಗವಸು, ಕನ್ನಡಕ, ಗದ್ದ ಮುಚ್ಚುವ ಹೆಲ್ಮೆಟ್ ಹಾಕಿದ ಮೇಲೆ. ಈ ವಿಷಯದಲ್ಲಿ ಚರ್ಚೆಗೆ ಜಾಗವಿಲ್ಲ. ಹೆಲ್ಮೆಟ್ ಮಗುವಿನ ಅಳತೆಯದೇ ಆಗಿರಬೇಕು. ಅದನ್ನು ಹಿಡಿದು ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲ್ಲಾಡಬೇಕು. ಅಣ್ಣನ ಹಳೆಯ ಹೆಲ್ಮೆಟ್ಟಿನೊಳಗೆ ಬಟ್ಟೆ ತುರುಕಿ ಹಾಕುವ ಜಾಣತನ ಬೇಡ.

ಕಾನೂನಿನಲ್ಲಿ ಎರಡು ದೇಶಗಳ ದಾರಿ ಬೇರೆ ಬೇರೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸಲು 18 ವರ್ಷವಾಗಬೇಕು, 50 ಸಿಸಿ ಮೀರದ ಮೋಟಾರ್ ಸೈಕಲ್ಲಿಗೆ 16 ಸಾಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಇದು ತಕ್ಕ ಬಿಗಿ. ಆದರೆ ರಸ್ತೆ ಬಿಟ್ಟರೆ ಮಗು ಕಲಿಯುವ ಅಂಗಳ ನಮ್ಮಲ್ಲಿ ಅಪರೂಪ. ಹೀಗಾಗಿ ಹದಿನೆಂಟರ ಹುಡುಗ ಬ್ರೇಕಿನ ಮೊದಲ ಪಾಠ ಕಲಿಯುವುದು ಲಾರಿಗಳ ನಡುವೆ.

ಅಮೆರಿಕದಲ್ಲಿ ಮೋಟಾರ್ ಸೈಕಲ್ ಸೇಫ್ಟಿ ಫೌಂಡೇಶನ್ನಿನ ಡರ್ಟ್ ಬೈಕ್ ಶಾಲೆ 6 ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ. ಇನ್ನೊಂದೆಡೆ ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ, ಕಾರು ಓಡಿಸುವ ವಯಸ್ಸಾಗದವರು ಇಂಥ ಗಾಡಿಗಳನ್ನು ಓಡಿಸಲೇಬಾರದು ಎಂದು 2000ರಲ್ಲೇ ಹೇಳಿದೆ. ಇವೆರಡರ ನಡುವೆ ತಾಯಿತಂದೆಯೇ ನಿರ್ಧರಿಸಬೇಕು. ಇಲ್ಲಿನ ಕಾನೂನಿನ ವಿಚಿತ್ರವೂ ಒಂದಿದೆ. ಮಕ್ಕಳ ಸಾಮಗ್ರಿಗಳಲ್ಲಿನ ಸೀಸಕ್ಕೆ ಮಿತಿ ಹಾಕಿದ 2008ರ ಕಾಯ್ದೆ 2009ರಲ್ಲಿ ಜಾರಿಗೆ ಬಂದಾಗ ಅಂಗಡಿಯವರು ಚಿಕ್ಕ ಬೈಕುಗಳನ್ನು ಮಾರಾಟದಿಂದ ತೆಗೆದಿಟ್ಟರು. ಬಿದ್ದರೆ ಕೈ ಮುರಿಯುತ್ತದೆಂದಲ್ಲ, ಬಿಡಿಭಾಗಗಳಲ್ಲಿ ಸೀಸವಿದೆ ಎಂದು. 2011ರಲ್ಲಿ ವಿನಾಯಿತಿ ಸಿಕ್ಕಿತು. ಬ್ಯಾಟರಿಯ ಸೀಸದ ತುದಿಯನ್ನು ನೆಕ್ಕುವ ಮಗುವನ್ನು ಈ ಕಾಯ್ದೆ ಮಾಡಿದವರು ಎಲ್ಲಿ ಕಂಡರೋ ತಿಳಿಯದು.

ಇಲ್ಲಿಯವರ ಒಂದು ಚಾಳಿ ಮಾತ್ರ ನನಗೆ ಹಿಡಿಸಿಲ್ಲ. ಕೈಕಟ್ಟಿ ನಿಲ್ಲುವ ಅಪ್ಪ ಮಗು ನಾಲ್ಕು ಸುತ್ತು ಹಾಕಿದ್ದೇ ಸ್ಪರ್ಧೆಯ ಮಾತು ಎತ್ತುತ್ತಾನೆ. ಐದು ವರ್ಷದ ಮಗುವಿನ ಬೆನ್ನಿಗೆ ಸಂಖ್ಯೆ, ಬೇಲಿಯಾಚೆಯಿಂದ ಅಪ್ಪನ ಚೀರಾಟ, ಸೋತರೆ ಕಾರಿನಲ್ಲಿ ಮೌನ. ನಮ್ಮ ಅಪ್ಪಂದಿರು ಇದನ್ನು ಗಣಿತದ ಸ್ಪರ್ಧೆಗಳಿಗೆ ಮೀಸಲಿಟ್ಟಿದ್ದಾರೆ, ಬೈಕನ್ನಾದರೂ ಬಿಟ್ಟಿದ್ದಾರಲ್ಲ ಎಂಬ ಸಮಾಧಾನ ನನಗಿದೆ. ಮಗು ದಣಿಯುವ ಮೊದಲೇ ಪಾಠ ಮುಗಿಸಬೇಕು. ದಣಿದ ಮಕ್ಕಳ ಮಣಿಕಟ್ಟು ಕುಸಿಯುತ್ತದೆ, ಕುಸಿದ ಮಣಿಕಟ್ಟು ಏನು ಮಾಡುತ್ತದೆಂದು ಮೇಲೆ ಹೇಳಿದ್ದೇನೆ.

ಹೆಣ್ಣುಮಗುವಿಗೆ ಇದೆಲ್ಲ ಏಕೆ ಎಂದು ದೂರವಾಣಿಯಲ್ಲಿ ಕೇಳುವ ಬಂಧುಗಳಿಗೆ ನಾನು ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯ ಹೆಸರು ಹೇಳಿ ಸುಮ್ಮನಾಗುತ್ತೇನೆ. ಮೋಟಾರ್ ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಐಎಂ ನಡೆಸುವ, ಮರುಭೂಮಿಯಂಥ ಒರಟು ನೆಲದ ಬೈಕ್ ಓಟವಾದ ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು 2019ರಲ್ಲಿ ಗೆದ್ದವರು ಅವರು. ನನ್ನ ಮಗಳು ಸ್ಪರ್ಧಿಸಬೇಕೆಂದು ಈ ಮಾತು ಹೇಳುವುದಿಲ್ಲ, ಪ್ರಶ್ನೆ ಅಲ್ಲಿಗೆ ನಿಲ್ಲಲಿ ಎಂದು.

ಮಗಳು ಈಗ ಕ್ಲಚ್ ಇರುವ ಬೈಕ್ ಕೇಳುತ್ತಿದ್ದಾಳೆ. ಅವಳ ಎಡಗೈಯ ಬೆರಳುಗಳು ಲಿವರನ್ನು ಪೂರ್ತಿ ಒಳಗೆ ಎಳೆದು ಹಿಡಿಯುವಷ್ಟು ಬಲಿತಿಲ್ಲ. ಅರ್ಧ ಬಿಟ್ಟ ಕ್ಲಚ್ಚಿನಿಂದ ಗಾಡಿ ಜಿಗಿದರೆ ಮತ್ತೆ ಅದೇ ಮಣಿಕಟ್ಟಿನ ಕಥೆ. ಅದಕ್ಕಾಗಿ ಎಂಜಿನ್ ಹಚ್ಚದ ನನ್ನ ಬೈಕಿನ ಮೇಲೆ ಕೂರಿಸಿ ಲಿವರ್ ಹಿಡಿಯುವ, ನಿಧಾನವಾಗಿ ಬಿಡುವ ಅಭ್ಯಾಸ ಮಾಡಿಸುತ್ತಿದ್ದೇನೆ. ಅವಳಿಗೆ ಸಿಟ್ಟಿದೆ. ಇರಲಿ, ಬೆರಳು ಬಲಿಯುವವರೆಗೆ ಅವಳ ಹಳೆಯ ಗಾಡಿಯೇ ಗತಿ.