ಮರಕ್ಕೆ ಒಂದೇ ನಡೆ

ಕಾಡಿನ ಜಗಳ ಬಗೆಹರಿಸಲು ಈಗ ಗೇಮ್ ಥಿಯರಿ ಬಂದಿದೆ, ಅಂದರೆ ಒಬ್ಬರ ನಡೆ ಇನ್ನೊಬ್ಬರ ಲಾಭ-ನಷ್ಟ ಬದಲಿಸುವಾಗ ಯಾರು ಏನು ಮಾಡುತ್ತಾರೆ ಅಂತ ಲೆಕ್ಕ ಹಾಕುವ ಗಣಿತ. ಇನ್ನು ಚಿಂತೆಯಿಲ್ಲ. ಕಂಪನಿ, ಅರಣ್ಯ ಇಲಾಖೆ, ಪರಿಸರ ಸಂಘಟನೆ, ಕಾಡಿನ ಜನ ಎಲ್ಲರೂ ಆಟಗಾರರು. ಮರ ಮಾತ್ರ ಆಟಗಾರ ಅಲ್ಲ. ಯಾಕೆ ಅಂತೀರಾ? ಆಟಗಾರನಿಗೆ ಕನಿಷ್ಠ ಎರಡು ನಡೆ ಇರಬೇಕಂತೆ. ಮರಕ್ಕೆ ಇರುವುದು ಒಂದೇ, ನಿಂತಿರುವುದು.

ಕಾರ್ಯಾಗಾರದ ಪರದೆಯ ಮೇಲೆ ನಾಲ್ಕು ಮನೆಯ ಕೋಷ್ಟಕ ಮೂಡುತ್ತದೆ. ಎಡಕ್ಕೆ ಕಂಪನಿ: ಕಡಿ, ಬಿಡು. ಮೇಲೆ ಇಲಾಖೆ: ತಡೆ, ಸುಮ್ಮನಿರು. ಕಂಪನಿ ಕಡಿದು ಇಲಾಖೆ ಸುಮ್ಮನಿದ್ದರೆ ಕಂಪನಿಗೆ 5 ಅಂಕ, ಇಲಾಖೆಗೆ 3. ಸುಮ್ನೆ ಕೂತವರಿಗೆ 3 ಹೇಗೆ ಬಂತು ಅಂತ ಕೇಳಬೇಡಿ, ಉದಾಹರಣೆಗೆ ಹಾಕಿದ್ದಂತೆ. ಕಾಡಿನ ಜನರಿಗೆ ಇಲ್ಲೂ ಮನೆ ಇಲ್ಲ. ಮೂರನೆಯವರು ಸೇರಿದರೆ ಸ್ಲೈಡ್ ಗಜಿಬಿಜಿ ಆಗುತ್ತದೆ ನೋಡಿ.

1950ರಲ್ಲಿ ಗಣಿತಜ್ಞ ಜಾನ್ ನ್ಯಾಶ್ ಕೊಟ್ಟ ಸಮತೋಲನ ಸರಿಯಾಗಿ ಆ 'ಕಡಿ, ಸುಮ್ಮನಿರು' ಮನೆಯಲ್ಲೇ ಬಂದು ಕೂರುತ್ತದೆ. ಯಾರೊಬ್ಬರೂ ತಾವೊಬ್ಬರೇ ನಡೆ ಬದಲಿಸಿ ಲಾಭ ಮಾಡಿಕೊಳ್ಳಲಾರದ ಸ್ಥಿತಿ ಅದು. ಸಮತೋಲನ ಅಂದಮೇಲೆ ಒಳ್ಳೆಯದೇ ಇರಬೇಕು ಅಂತ ಸಭೆ ತಲೆಯಾಡಿಸುತ್ತದೆ. ಎಲ್ಲರೂ ಒಟ್ಟಿಗೆ ಹಾಳಾಗುವುದೂ ಸಮತೋಲನವೇ ಅಂತ ಹೇಳುವಷ್ಟರಲ್ಲಿ ಸ್ಲೈಡ್ ಮುಂದೆ ಹೋಗಿರುತ್ತದೆ.

ಆಟ ಮತ್ತೆ ಮತ್ತೆ ನಡೆದರೆ ಸಹಕಾರ ಹುಟ್ಟುತ್ತದಂತೆ. ಇವತ್ತು ಮೋಸ ಮಾಡಿದರೆ ನಾಳೆ ತಿರುಗೇಟು ಬೀಳುತ್ತದೆ ಎಂಬ ಭಯಕ್ಕೆ. ಚೆನ್ನಾಗಿದೆ. ಆದರೆ ಮುನ್ನೂರು ವರ್ಷದ ಮರವನ್ನು ಎಷ್ಟು ಸಲ ಕಡಿಯಲು ಬರುತ್ತದೆ?

ಮತ್ತೆ ಮತ್ತೆ ನಡೆಯುವುದು ಸಹಿ ಹಾಕುವ ಆಟ. ಕಾಡು ನಾಶವನ್ನು 2020ರೊಳಗೆ ಅರ್ಧಕ್ಕೆ ಇಳಿಸುತ್ತೇವೆ, 2030ಕ್ಕೆ ನಿಲ್ಲಿಸಲು ನೋಡುತ್ತೇವೆ ಅಂತ 2014ರಲ್ಲಿ ನ್ಯೂಯಾರ್ಕ್‌ನಲ್ಲಿ ಘೋಷಣೆ ಆಯಿತು. 2020 ಬಂತು, ಅರ್ಧ ಆಗಲಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ 140ಕ್ಕೂ ಹೆಚ್ಚು ದೇಶಗಳು 2030ಕ್ಕೇ ನಿಲ್ಲಿಸುತ್ತೇವೆ ಅಂತ ಸಹಿ ಹಾಕಿದವು. ಪಾಸಾಗದವರಿಗೆ ಮುಂದಿನ ತರಗತಿಯ ಪರೀಕ್ಷೆ! ತಪ್ಪಿದರೆ ದಂಡವಿಲ್ಲದ ಮಾತಿಗೆ ಬೆಲೆಯಿಲ್ಲ ಅಂತ ಇದೇ ಥಿಯರಿ ಹೇಳುತ್ತದೆ. ಆ ಅಧ್ಯಾಯ ಯಾಕೋ ಯಾವ ಸ್ಲೈಡಿನಲ್ಲೂ ಬರುವುದಿಲ್ಲ.

ಅಮೆರಿಕದ ವಿದ್ವಾಂಸೆ ಎಲಿನೋರ್ ಆಸ್ಟ್ರಮ್ ಬೇರೆ ಮಾತು ಹೇಳಿದ್ದರು. ಕಾಡು, ನೀರು ಬಳಸುವ ಜನರೇ ಕೂತು ಮಾತಾಡಿ, ನಿಯಮ ಮಾಡಿ, ಕಾವಲು ಕಾದು, ತಪ್ಪಿದವರಿಗೆ ಮೊದಲು ಸಣ್ಣ ದಂಡ ಹಾಕಿದರೆ ಕಾಡು ಉಳಿಯಬಲ್ಲದು ಅಂತ. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಂದಿನಿಂದ ಅವರ ಫೋಟೋ ಎಲ್ಲ ಕಾರ್ಯಾಗಾರದಲ್ಲೂ ಇರುತ್ತದೆ. ಕಾಡು ಬಳಸುವ ಜನ ಮಾತ್ರ ಇರುವುದಿಲ್ಲ.

ದಕ್ಷಿಣ ಅಮೆರಿಕದ ಈಕ್ವೆಡಾರ್ ಕಾಡಿನ ಆಟವನ್ನು ನಿಜಕ್ಕೂ ಆಡಿತು. 'ಯಸುನಿ ಕಾಡಿನಡಿಯ ತೈಲ ಮುಟ್ಟುವುದಿಲ್ಲ, ಜಗತ್ತು 360 ಕೋಟಿ ಡಾಲರ್ ಕೊಡಲಿ' ಅಂದಿತು. ಅವರು ಕೊಡುತ್ತಾರೆ ಅಂತ ಇವರು, ಇವರು ಕೊಡುತ್ತಾರೆ ಅಂತ ಅವರು. ಕೈಗೆ ಬಂದದ್ದು ಸುಮಾರು 1.3 ಕೋಟಿ. 2013ರಲ್ಲಿ ಯೋಜನೆ ಕೈಬಿಟ್ಟರು, ತೈಲ ತೆಗೆದರು. 2023ರಲ್ಲಿ ಜನರನ್ನೇ ಕೇಳಿದಾಗ ಶೇ. 59ರಷ್ಟು ಮಂದಿ ತೈಲ ನೆಲದಲ್ಲೇ ಇರಲಿ ಅಂತ ಮತ ಹಾಕಿದರು. ದುಡ್ಡನ್ನೂ ಕೇಳಲಿಲ್ಲ. ಒಂದು ವರ್ಷದೊಳಗೆ ಕೆಲಸ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ತಮ್ಮ ಲಾಭ ನೋಡಿಕೊಳ್ಳದ ಇಂಥವರು ಕೋಷ್ಟಕದ ಯಾವ ಮನೆಗೂ ಹೊಂದುವುದಿಲ್ಲ. ಅವರಿಗೊಂದು ತರಬೇತಿ ಇಡಬೇಕು ಅಲ್ವಾ?